ಒದ್ದೆ ಅಂಗಿಯ ಮೇಲೆ ಜಾಕೆಟ್

ಭಾವ,

ಬೈಕಿನಲ್ಲಿ ಔಷಧಿ ತಲುಪಿಸುವ ಕೆಲಸಕ್ಕೆ ಸೇರಿದೆ. ಇಲ್ಲಿನ ಬಿಸಿಲಿಗೆ ಡಾಂಬರೇ ಬೂಟಿಗೆ ಅಂಟುತ್ತೆ, ಆದರೂ ಎಲ್ಲರೂ ದಪ್ಪ ಜಾಕೆಟ್ ಹಾಕ್ತಾರೆ. ಮೊದಲ ದಿನ ಮಧ್ಯಾಹ್ನ ಹೊರಡುವಾಗ ನಮ್ಮ ಔಷಧಿ ಅಂಗಡಿಯ ಮೇಡಂ ನನ್ನ ಅಂಗಿಯ ಮೇಲೆ ಒಂದು ಚೊಂಬು ನೀರು ಸುರಿದು, "ಈಗ ಜಾಕೆಟ್ ಹಾಕ್ಕೊಳಮ್ಮ, ಗಾಳಿ ಒಳಗೆ ಹೋಗೋಕೆ ಕುತ್ತಿಗೆ ಹತ್ರ ಜಿಪ್ ಸ್ವಲ್ಪ ತೆರೆದಿಡು" ಅಂದರು. ತಮಾಷೆನೋ ಶಿಕ್ಷೆನೋ ಗೊತ್ತಾಗಲಿಲ್ಲ. ಗಾಡಿ ಓಡಿದ್ದೇ ತಡ, ಒದ್ದೆ ಅಂಗಿಗೆ ಗಾಳಿ ತಾಗಿ ಆ ಸುಡುಬಿಸಿಲಲ್ಲಿ ಚಳಿಯಾಯ್ತು!

ತಿರುವಿನಲ್ಲಿ ಮರಳಿಗೆ ಜಾರಿ ಬಿದ್ದೆ. ಮೊಣಕೈ ಒದ್ದೆಯಾಗಿತ್ತು. ರಕ್ತ ಅಂತ ಹೆದರಿ ಜಾಕೆಟ್ ಬಿಚ್ಚಿದರೆ ಬರೀ ನೀರು. ಅಳಬೇಕೋ ನಗಬೇಕೋ ತೋಚದೆ ರಸ್ತೆಬದಿಯಲ್ಲೇ ಕೂತುಬಿಟ್ಟೆ.

ತರಚಿದ್ದು ಜಾಕೆಟ್ ಮಾತ್ರ, ಮೈಗೆ ಒಂದು ಗೀರೂ ಇಲ್ಲ, ಅಕ್ಕನಿಗೆ ಹೇಳಿ. ನೀವಿನ್ನು ಬನಿಯನ್ನಿನಲ್ಲಿ ಬೈಕ್ ಓಡಿಸಿದರೆ ನೋಡಿ!

ಮೇಡಂ ಚೊಂಬು ಹಿಡಿದು ಕರೀತಿದ್ದಾರೆ, ಹೊರಟೆ.

ನಿಮ್ಮ ನಾದಿನಿ