ಬಲಗಡೆಯ ಕಿಸೆ

ಬೆಳಗಾವಿ
೩ ಡಿಸೆಂಬರ್ ೧೯೭೮

ಚಿ. ಸೌ. ಕಾಂತಾಳಿಗೆ ಅಪ್ಪನ ಆಶೀರ್ವಾದ.

ಮತ್ತೆ ಹೇಳುತ್ತೇನೆ, ನಾನು ಬಲಗಡೆಯ ಕಿಸೆ ಎಂದೇ ಹೇಳಿದ್ದೆ. ಎಡಗಡೆಯದಕ್ಕೆ ಕೈ ಹಾಕಿದವನು ನಿನ್ನ ಸೋದರಮಾವ ನಾಗಲಿಂಗ. ನಿನ್ನೆ ಸ್ಟೇಶನ್ನಿನಲ್ಲಿ ಇಷ್ಟು ಹೇಳುವುದರೊಳಗೆ ಗಾರ್ಡ್ ಸೀಟಿ ಊದಿದ, ನಿನ್ನ ಲೋಂಡಾ ಗಾಡಿ ಹೊರಟೇಬಿಟ್ಟಿತು. ಇಡೀ ದಿನ ನೀನು ನನ್ನೆದುರು ಕುಳಿತಿದ್ದಾಗ ಬಾಯಿ ಬಿಡದ ನಾನು, ಗಾಡಿ ಚಲಿಸುವಾಗ ಕಿಸೆ, ಕಿಸೆ ಎಂದು ಓಡಿಬಂದರೆ ನೀನಾದರೂ ಏನು ತಿಳಿದುಕೊಳ್ಳಬೇಕು? "ಯಾರರ ಕಿಸೆ ಕತ್ತರಿಸಿದ್ರೇನ್ರಿ ಅಪ್ಪಾ?" ಎಂದು ಕಿಟಕಿಯಿಂದ ಕೂಗಿದೆ. ಇಲ್ಲ, ಯಾರೂ ಕತ್ತರಿಸಿಲ್ಲ. ಈ ಸಂಗತಿ ನನಗೆ ಗೊತ್ತಾಗಿಯೇ ತಿಂಗಳಾಯಿತು. ತಡಮಾಡಿದ್ದಕ್ಕೆ ಬೇಕಾದರೆ ಆಮೇಲೆ ಬಯ್ಯಿ. ಬುಧವಾರ ನಾಗಲಿಂಗ ನಿನ್ನ ಮನೆಗೆ ಬಂದು ತನ್ನ ಪುರಾಣ ಬಿಚ್ಚುವವನಿದ್ದಾನೆ. ಅದಕ್ಕೂ ಮೊದಲು ನನ್ನದನ್ನು ಓದು.

ನಿನ್ನ ಅವ್ವನನ್ನು ಮಣ್ಣು ಮಾಡಿದ ದಿನ ಅವಳ ಕೈಯಲ್ಲಿ ಇಟ್ಟದ್ದು ಅವಳ ಲಿಂಗವಲ್ಲ, ನನ್ನದು. ಅವಳದು ನನ್ನ ಕೊರಳಲ್ಲಿದೆ. ಒಂದು ವರ್ಷದಿಂದ ನಾನು ಪೂಜಿಸುತ್ತ ಬಂದದ್ದು ಅವಳ ಲಿಂಗವನ್ನು.

ಹೇಗೆ ಎನ್ನುತ್ತೀಯಾ? ನನ್ನ ಶಿವದಾರ ಹರಿದು ವಾರಗಳಾಗಿದ್ದವು. ಹೊಸ ದಾರ ತರಬೇಕು ಎನ್ನುತ್ತಲೇ ಲಿಂಗವಿದ್ದ ಕರಡಿಗೆಯನ್ನು ಕೋಟಿನ ಎಡಗಿಸೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಆಸ್ಪತ್ರೆಯಲ್ಲಿ ಅವಳ ಕೊರಳಿನಿಂದ ತೆಗೆದ ಕರಡಿಗೆಯನ್ನು ಬಲಗಿಸೆಗೆ ಹಾಕಿದೆ. ಎರಡೂ ನಮ್ಮ ಮದುವೆಯಲ್ಲಿ ನಿನ್ನ ಅಜ್ಜ ಒಬ್ಬನೇ ಅಕ್ಕಸಾಲಿಗನಿಂದ ಮಾಡಿಸಿದ ಬೆಳ್ಳಿಯ ಜೋಡಿ, ಇದು ಗಂಡನದು ಇದು ಹೆಂಡತಿಯದು ಎಂದು ಯಾರಿಗೂ ಹೇಳಲು ಬಾರದು. ಖಾನಾಪುರದಲ್ಲಿ ಮಣ್ಣಿಗೆ ಎಲ್ಲರೂ ಅವಸರ ಮಾಡುವಾಗ ನಾಗಲಿಂಗ ಬಂದು, "ಅಕ್ಕನ ಲಿಂಗ ಎಲ್ಲೈತ್ರಿ ಮಾವಾರ?" ಎಂದ. ಕೋಟು, ಬಲಗಿಸೆ ಎಂದೆ. ಕೋಟು ನೋಡುವವನ ಕಡೆ ಮುಖ ಮಾಡಿ ಗೂಟಕ್ಕೆ ತೂಗುತ್ತಿತ್ತು. ಕೋಟಿನ ಬಲ ಯಾವುದು, ನೋಡುವವನ ಬಲ ಯಾವುದು, ಇಷ್ಟು ಯೋಚಿಸಬಾರದೇ? ಕಾಮನ್ ಸೆನ್ಸಿಗೂ ಅವನಿಗೂ ದೂರದ ನೆಂಟಸ್ತಿಕೆಯೂ ಇಲ್ಲ. ಉಳಿದದ್ದು ನನ್ನದೇ ಎಂದುಕೊಂಡು, ಯಾವ ಕಿಸೆಯದೆಂದು ನೋಡದೆ, ಹೊಸ ದಾರ ಹಾಕಿ ಕೊರಳಿಗೆ ಕಟ್ಟಿಕೊಂಡೆ. ಇಂಥದಕ್ಕೆ ನಮ್ಮ ಇಂಗ್ಲಿಷ್ ಪ್ರೊಫೆಸರರು 'ಟ್ರ್ಯಾಜಿಡಿ ಆಫ್' ಏನೋ ಒಂದು ಅನ್ನುತ್ತಿದ್ದರು. ಇಂಟರ್ ಓದಿ ಯಾವ ಕಾಲವಾಯಿತು, ಆಫ್ ತನಕ ಬಂದು ನಿಲ್ಲುತ್ತದೆ.

ಇನ್ನು ನಿನ್ನ ಉಪದೇಶ. "ಅಪ್ಪಾ, ಸುಮ್ಮ ಕುಂತು ಗ್ವಾಡಿ ನೋಡಬ್ಯಾಡ್ರಿ. ದಿನದ ಬದುಕಿನ್ಯಾಗ ಏನರ ಒಂದ ಇನ್‌ಸ್ಪಿರೇಶನ್ ಹುಡಕ್ರಿ, ಹೊಸಾದು ಕಲೀರಿ" ಎಂದು ರೊಟ್ಟಿ ಬಡಿಯುತ್ತಲೇ ಹೇಳಿದೆ. ಇದನ್ನು ಯಾವ ಮಾಸಿಕದಲ್ಲಿ ಓದಿದೆ ಮಗಳೇ? ನಾನೇನು ಹುಡುಕದೆ ಬಿಟ್ಟಿದ್ದೇನೆಯೇ? ಬೆಳಗ್ಗೆ ಎದ್ದು ಕೋಟೆ ಕೆರೆಯ ತನಕ ವಾಕಿಂಗ್ ಹೋದೆ. ಅಲ್ಲಿ ನನ್ನಂಥ ಪೆನ್ಶನ್‌ದವರೇ ಗುಂಪುಗೂಡಿ ತಮ್ಮ ಸಕ್ಕರೆ ಕಾಯಿಲೆಯ ವರದಿ ಒಪ್ಪಿಸುತ್ತಾರೆ. ತಿರುಗಿ ಬರುವಷ್ಟರಲ್ಲಿ ಅವರ ರೋಗವೆಲ್ಲ ನನಗೇ ಬಂದಂತೆ ಕಾಲು ಸೋಲುತ್ತದೆ. ಕುಂಡದಲ್ಲಿ ಗುಲಾಬಿ ಹಚ್ಚಿದೆ. ಓಣಿಯ ಆಡೊಂದು ಅದನ್ನು ತಿಂದು ತಾನು ಇನ್‌ಸ್ಪೈರ್ ಆಗಿ ಹೋಯಿತು. ಉಪ್ಪಿಟ್ಟು ಕಲಿತೆ. ನಮ್ಮ ಮನೆ ಮಾಲಕಿ ಸೋನಾಬಾಯಿ ಜೈನರೆಂದು ಉಳ್ಳಾಗಡ್ಡಿ ಹಾಕದೆ ಮಾಡಿ ಒಂದು ತಾಟು ಕೊಟ್ಟರೆ, ಆ ತಾಯಿ ಏನೆಂದರು ಗೊತ್ತೇ? "ಉಳವಪ್ಪಾರ, ಮಾಳಗಿ ಸೋರೂ ಕಡೆ ಇದನ್ನ ಹಚ್ಚಿಬಿಡ್ರಿ, ಸಿಮಿಟಿಗಿಂತ ಛಲೋ ಹಿಡೀತೈತಿ."

ಕೊನೆಗೆ ಕೈಯಲ್ಲಿ ಉಳಿದದ್ದು ಮುಂಜಾನೆಯ ಪೂಜೆ ಒಂದೇ. ಅದನ್ನೂ ಭಕ್ತಿಯಿಂದ ಹಿಡಿದವನಲ್ಲ, ಹೊತ್ತು ಹೋಗದೆ ಹಿಡಿದವನು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ದೃಷ್ಟಿ ನೆಟ್ಟರೆ ಮನಸ್ಸು ಎದ್ದುಹೋಗಿ ಸೀಮೆಎಣ್ಣೆಯ ಪಾಳಿಯಲ್ಲಿ ನಿಲ್ಲುತ್ತಿತ್ತು. ಮೂಗು ತುರಿಸುತ್ತಿತ್ತು. ಪಕ್ಕದ ಮನೆಯ ರೇಡಿಯೋದವನನ್ನು ಶಪಿಸುವುದರಲ್ಲೇ ಪೂಜೆ ಮುಗಿಯುತ್ತಿತ್ತು. ನಿನ್ನ ಅವ್ವ ಹೀಗೆ ಕುಳಿತಾಗ ನನ್ನ ಟವೆಲ್ ಎಲ್ಲಿ ಎಂದು ಎಷ್ಟು ಕೂಗಿದರೂ ಉತ್ತರ ಬರುತ್ತಿರಲಿಲ್ಲ, ನೀನೇ ತಂದುಕೊಡುತ್ತಿದ್ದೆ. ಬೇಕೆಂದೇ ಸುಮ್ಮನಿರುತ್ತಾಳೆ ಎಂದುಕೊಂಡಿದ್ದೆ. ಈ ಮಳೆಗಾಲದಲ್ಲಿ ಒಂದು ದಿನ ಕಣ್ಣೆತ್ತಿದರೆ, ಬಾಗಿಲಲ್ಲಿ ಸೋನಾಬಾಯಿ ನನ್ನ ಹಾಲಿನ ಪಾತ್ರೆ ಹಿಡಿದು ನಿಂತಿದ್ದಾರೆ.

"ಗೌಳಿ ಕೂಗಿ ಕೂಗಿ ನಮ್ಮಲ್ಲೆ ಹಾಲು ಕೊಟ್ಟು ಹ್ವಾದ. ಮುದುಕಗ ಏನಾತೋ ಅಂತ ನಾ ಎದಿ ಒಡಕೊಂಡು ಓಡಿಬಂದ್ರ, ಇಲ್ಲೆ ಋಷಿ ಕುಂತಂಗ ಕುಂತೀರಲ್ರಿ!"

ನಿಜವಾಗಿ ನನಗೆ ಕೇಳಿಸಿರಲಿಲ್ಲ ಕಾಂತಾ. ಗೌಳಿಯೂ ಇಲ್ಲ, ರೇಡಿಯೋವೂ ಇಲ್ಲ. ಆವತ್ತು ಹಾಲು ಒಡೆಯಿತು, ಚಹಾ ಇಲ್ಲದೆ ಕುಳಿತೆ, ಆದರೂ ರಾತ್ರಿಯವರೆಗೆ ಯಾರ ಮೇಲೂ ರೇಗಲಿಲ್ಲ. ನನ್ನನ್ನು ಬಲ್ಲ ನಿನಗೆ ಇದೆಷ್ಟು ದೊಡ್ಡ ಸಂಗತಿ ಎಂದು ಬೇರೆ ಹೇಳಬೇಕಿಲ್ಲ. ಅದಾದ ಮೇಲೆ ದಿನವೂ ಅಲ್ಲದಿದ್ದರೂ ಆಗಾಗ ಹಾಗೆ ಆಗತೊಡಗಿತು. ರಾತ್ರಿ ಮಲಗುವಾಗಲೇ ಬೆಳಗಾಗಲಿ ಎನಿಸತೊಡಗಿತು. ನಿನ್ನ ಇನ್‌ಸ್ಪಿರೇಶನ್ ಇದೇಯೋ ಬೇರೆಯೋ ನನಗೆ ಗೊತ್ತಿಲ್ಲ.

ಅದಕ್ಕೂ ಕಲ್ಲು ಬಿತ್ತು. ಹೋದ ತಿಂಗಳು ಲಿಂಗದ ಮೇಲಿನ ಕಪ್ಪು ಕಂತಿ ಬಿರುಕು ಬಿಟ್ಟಿತೆಂದು, ಹೊಸ ಲೇಪ ಹಾಕಿಸಲು ಖಾನಾಪುರಕ್ಕೆ ಈರಯ್ಯನವರ ಹತ್ತಿರ ಒಯ್ದೆ. ನಮ್ಮ ಮನೆಯವರಿಗೆಲ್ಲ ಲಿಂಗ ಕಟ್ಟಿದ ಅಯ್ಯನವರು ಅವರೇ ಅಲ್ಲವೇ? ಕನ್ನಡಕ ಏರಿಸಿ, ತಿರುವಿ ಮುರುವಿ ನೋಡಿದರು.

"ಉಳವಪ್ಪಾ, ಇದು ಯಾರದು?"

"ನಂದರೀ."

"ನಿಂದ ಹ್ಯಾಂಗಾದೀತು? ತಳಾ ಸೀಳಿತ್ತಂತ ನಾನ ತುಂಬಿ ಕೊಟ್ಟೀನಿ, ಇಲ್ಲಿ ನೋಡ. ಇದು ಗಂಗಾದೇವೀದು." ಆಮೇಲೆ ದನಿ ತಗ್ಗಿಸಿ, "ಹಂಗಾರ ಆಕಿ ಕೈಯಾಗ ಇಟ್ಟದ್ದು ಏನಪಾ?" ಎಂದರು.

ಸುದ್ದಿ ನಾಗಲಿಂಗನಿಗೆ ಮುಟ್ಟಲು ಎಷ್ಟು ಹೊತ್ತು? ಅರ್ಧ ಚಹಾ ಕುಡಿಯುವುದರೊಳಗೆ ಸೈಕಲ್ ತುಳಿದುಕೊಂಡು ಬಂದ.

"ಅಕ್ಕನ ಲಿಂಗ ಅಕ್ಕಗ ಮುಟ್ಟಬೇಕ್ರಿ ಮಾವಾರ. ಸಮಾಧಿ ಪೂರಾ ತಗಿಯೂದು ಬ್ಯಾಡ. ಮ್ಯಾಲ ಒಂದ ಮೊಳ ಅಗದು, ಇಟ್ಟು, ಮುಚ್ಚಿ ಬಿಡೂಣು. ನಿಮಗ ಅಯ್ಯಾರು ಹೊಸಾದು ಕಟ್ಟತಾರ."

"ನೀ ಅವತ್ತ ಕಿಸೆ ಸರಿಯಾಗಿ ನೋಡಿದ್ರ ಇದೆಲ್ಲಾ ಯಾಕ ಬರತಿತ್ತೋ?"

"ನೀವ ಎಡಕ ಅಂದ್ರಿ!"

"ಬಲಕ ಅಂದೀನಿ!"

"ಸಾಕ ಮಾಡ್ರಿ," ಎಂದರು ಈರಯ್ಯನವರು. "ಗಂಗಾದೇವಿ ಇದ್ದಿದ್ರ ಇಬ್ಬರನ್ನೂ ಬೈದು ಕಟ್ಟಿ ಇಳಿಸತಿದ್ದಳು. ಆಕಿ ಮಗಳನ್ನ ಕೇಳ್ರಿ, ಆಕಿ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಬಿಡ್ರಿ."

ನೀನು ಒಪ್ಪಿದರೆ ಹನ್ನೊಂದನೆಯ ತಾರೀಖು ಸೋಮವಾರ ಎಂದು ದಿನ ಗೊತ್ತುಮಾಡಿದ್ದಾರೆ. ನಾನು ಒಪ್ಪಿಲ್ಲ. ಹೊಸ ಲಿಂಗವೇನು ಹೊಸ ಚಪ್ಪಲಿಯೇ, ನಾಲ್ಕು ದಿನ ಕಚ್ಚಿ ಆಮೇಲೆ ಹೊಂದಿಕೊಳ್ಳಲು? ಈ ವಯಸ್ಸಿನಲ್ಲಿ ತಿಣುಕಾಡಿ ಒಂದು ಹೊಸದನ್ನು ಕಲಿತಿದ್ದೇನೆ, ಸುಮ್ಮನೆ ಕೂಡುವುದನ್ನು. ಕಲಿಯಿರಿ ಎನ್ನುವವಳೂ ನೀನೇ. ನನಗೆ ಅದು ಒಲಿದದ್ದು ಈ ಲಿಂಗದಿಂದ. ಎಷ್ಟೋ ವರ್ಷ ಅವಳ ಅಂಗೈಯಲ್ಲಿ ಕುಳಿತು ಕುಳಿತು ಅದಕ್ಕೇ ರೂಢಿಯಾಗಿತ್ತೋ ಏನೋ, ನನ್ನಂಥವನನ್ನೂ ಕೂಡಿಸಿಕೊಂಡಿತು. ಹೊಸದು ಕೂಡಿಸದಿದ್ದರೆ? ಮತ್ತೆ ಸೀಮೆಎಣ್ಣೆಯ ಪಾಳಿಯೇ ಗತಿ. ಆದ್ದರಿಂದ ನಾಗಲಿಂಗ ಬಂದಾಗ ಒಲ್ಲೆ ಎಂದು ಒಂದೇ ಮಾತು ಹೇಳಿಬಿಡು. ಚಹಾ ಕುಡಿಸು, ಊಟ ಹಾಕು, ಆದರೆ ಒಲ್ಲೆ ಎನ್ನು.

ಲೋಂಡಾದ ಥಂಡಿಯಲ್ಲಿ ಅಳಿಯಂದಿರು ರಾತ್ರಿ ಡ್ಯೂಟಿಗೆ ಮಫ್ಲರ್ ಇಲ್ಲದೆ ಹೋಗುವುದು ಬೇಡ. ನೀನೂ ಹಿಂಡಲು ಅರಿವೆಯ ರಾಶಿ ಹಾಕಿಕೊಂಡು ನಸುಕಿನಲ್ಲಿ ನೀರಾಡಬೇಡ. ಉಂಡದ್ದು ಮೈಗೆ ಹತ್ತಲಿ, ಆಡಿದ್ದು ಕೈಗೂಡಲಿ, ಇಬ್ಬರೂ ನಗುತ್ತ ಇರಿ.

ನಿನ್ನ ಅಪ್ಪ,
ಉಳವಪ್ಪ

ತಾ. ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಆಸ್ಪತ್ರೆಯಲ್ಲಿ ಕರಡಿಗೆ ತೆಗೆದದ್ದು ಯಾರು ಎಂದು ಮೇಲೆ ಬರೆದಿಲ್ಲ. ಆಪರೇಶನ್ನಿಗೆ ಒಯ್ಯುವಾಗ ಕೊರಳಲ್ಲಿ ಏನೂ ಇರಬಾರದು ಎಂದರು ನರ್ಸಬಾಯಿ. ನಿನ್ನ ಅವ್ವ ಎರಡೂ ಕೈಯಿಂದ ಮುಚ್ಚಿ ಹಿಡಿದುಕೊಂಡಳು. "ಹುಟ್ಟಿದಾಗಿಂದ ಕೊರಳಾಗ ಐತ್ರಿ. ಇದನ್ನ ಬಿಟ್ಟು ನಾ ಒಳಗ ಹೋಗಂಗಿಲ್ಲ" ಎಂದಳು. ನರ್ಸಬಾಯಿಗೆ ಬಿಡಿಸಲು ಮನಸ್ಸು ಬರಲಿಲ್ಲ. ನಾನು ಹತ್ತಿರ ಹೋಗಿ, "ನನ್ನ ಕಡೆ ಇರಲಿ ಕೊಡ. ಹೊರಗ ಬಂದ ಕೂಡಲೆ ನಾನ ಕಟ್ಟತೀನಿ" ಎಂದೆ. "ಖರೇನ್ರಿ?" ಎಂದಳು. ಖರೇ ಎಂದೆ. ಒಂದೊಂದೇ ಬೆರಳು ಬಿಟ್ಟಳು.

ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ, ನಾಗಲಿಂಗನಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಆ ದಡ್ಡ ಸರಿಯಾದದ್ದನ್ನೇ ಹೇಳುತ್ತಿದ್ದಾನೆ, ನನಗೆ ಸಿಟ್ಟು ಬರುವುದು ಅದಕ್ಕೇ. ಅವನಿಗೆ ಹೂಂ ಎನ್ನು. ಒಲ್ಲೆ ಎನ್ನಬೇಕೆಂದು ಮೇಲೆ ಬರೆದದ್ದನ್ನು ಹೊಡೆದುಹಾಕೋಣವೆಂದರೆ ಬೆಳಕು ಹೋಗುತ್ತಿದೆ, ಸಾಲು ಕಾಣುತ್ತಿಲ್ಲ, ನೀನೇ ಹೊಡೆದುಹಾಕಿಕೋ. ಮಣ್ಣು ಬೇಕಾದರೆ ಅವನು ಅಗೆಯಲಿ. ಇಡುವವನು ನಾನು.