ಮಾಟಗಾತಿಗೆ ಬಾರದ ವಿದ್ಯೆ

ಮಗಾ ಫಿಂಟನ್,

ಒಣದ್ರಾಕ್ಷಿಯ ಬ್ರ್ಯಾಕ್ ಬ್ರೆಡ್ಡು ಕೊಟ್ಟು ಬರಲು ನಿನ್ನಕ್ಕನ ಮನೆಗೆ ಹೊರಟೆ. ಬರುವಾಗ ಸಂಜೆ ಏಳಾಗಬಹುದು.

ಒಲೆಯ ಮೇಲಿನ ನೇರಳೆ ನೀರನ್ನು ಚೆಲ್ಲಬೇಡ. ಕೆಂಪು ಕೋಸು ಬೇಯಿಸಿದ್ದು, ನಿನ್ನ ಮಗಳು ಗ್ರೋನ್ಯಳ ಹ್ಯಾಲೊವೀನ್ ಕಷಾಯ. ಅವಳು ಶಾಲೆಯಿಂದ ಬಂದ ಮೇಲೆ ಎರಡು ಲೋಟಕ್ಕೆ ಸುರಿಯಲಿ. ವಿನೆಗರ್ ಬಿದ್ದದ್ದು ಕೆಂಪಾಗುತ್ತದೆ, ಅಡುಗೆ ಸೋಡಾ ಬಿದ್ದದ್ದು ನೀಲಿ. ನೀನು ಕೈ ಹಾಕಬೇಡ, ನಿನ್ನ ಅವಸರ ನನಗೆ ಗೊತ್ತು.

ಹೋದ ವರ್ಷ ಪಕ್ಕದ ಮನೆಯ ನೋರೀನ್ ಮಾಟಗಾತಿ ವೇಷದಲ್ಲಿ ಬಂದಾಗ ಮಗು ಮೇಜಿನಡಿ ಸೇರಿಕೊಂಡಿತ್ತಲ್ಲ. ನಿನ್ನೆ ನಾನು ಮಾಡಿ ತೋರಿಸಿದಾಗ ಬಣ್ಣ ತಿರುಗಿದ್ದು ನೋಡಿ, "ಅಜ್ಜಿ, ಮಾಟಗಾತಿಗೂ ಇದು ಬರುತ್ತಾ?" ಅಂದಳು.

"ಎಲ್ಲಿಂದ ಬರ್ಬೇಕು? ನನ್ನ ಹಾಗೆ ರಾತ್ರಿ ಶಾಲೆಗೆ ಹೋಗಿ ವಿಜ್ಞಾನ ಕಲಿತೋಳಾ ಅವಳು?" ಅಂದೆ.

"ಪಾಪ, ನಾನೇ ಕಲಿಸ್ತೀನಿ ಬಿಡು."

ಆರಕ್ಕೆ ನೋರೀನ್ ಈ ವರ್ಷವೂ ಅದೇ ಮಾಟಗಾತಿ ವೇಷದಲ್ಲಿ ಬಾಗಿಲು ಬಡಿಯುತ್ತಾಳೆ. ನೀನು ಏಳಬೇಡ. ಗ್ರೋನ್ಯ ತೆಗೆಯಲಿ.

ಅಮ್ಮ