ಅಲಿಬಾಗಿನಲ್ಲಿ ನಮಿತಾಳ ಗಂಡ

ನರಿಕೊಂಬು,
೪ ಜುಲೈ ೨೦೨೫

ಮೂಡುಬಿದಿರೆಯ ಗುಲಾಬಿಯಕ್ಕನಿಗೆ ರಾಜೀವಿ ಕೈಮುಗಿದು ಬರೆಯುವುದು.

ಕೈಯಲ್ಲಿ ಫೋನು ಇಟ್ಟುಕೊಂಡು ಇವಳಿಗೇನು ಕಾಗದದ ಹುಚ್ಚು ಎಂದು ನೀವು ನಗುತ್ತೀರಿ, ಗೊತ್ತು. ಫೋನು ಮಾಡಲು ಹೊರಟದ್ದು ಒಂದೆರಡು ಸಲವಲ್ಲ. ಆದರೆ ನೀವು ಎತ್ತಿದ ಕೂಡಲೇ "ನಮ್ಮ ಹುಡುಗಿ ಹೇಗಿದ್ದಾಳೆ ರಾಜೀವಿ?" ಎಂದು ಕೇಳುತ್ತೀರಿ, ನಮಿತಾ ನಮ್ಮ ಅಡುಗೆಕೋಣೆಯಲ್ಲಿ ಕಾಯಿ ತುರಿಯುತ್ತಾ ಕುಳಿತಿರುವ ಹಾಗೆ. "ಅವಳಿಗೇನು, ಆರಾಮ ಉಂಟು" ಎನ್ನುತ್ತೇನೆ ನಾನು. ಅಷ್ಟು ಹೇಳಿದ ಮೇಲೆ ಈ ವಿಷಯಕ್ಕೆ ಬಾಯಿ ಬರುವುದಿಲ್ಲ.

ನಮ್ಮ ನೆಂಟಸ್ತಿಕೆಯನ್ನು ಬೇರೆ ಊರಿನವರಿಗೆ ವಿವರಿಸಿದರೆ ನಮಗೆ ತಲೆ ಸರಿಯಿಲ್ಲ ಎಂದಾರು. ಏಳನೇ ಕ್ಲಾಸಿನಲ್ಲಿ ಕಾಮಾಲೆಯಿಂದ ತೀರಿಹೋದ ನಿಮ್ಮ ನಮಿತಾ. ಹತ್ತೊಂಬತ್ತಕ್ಕೆ ಹೊಳೆಯ ಪಾಲಾದ ನನ್ನ ನಿತೇಶ. ಸತ್ತ ಮಕ್ಕಳಿಗೂ ಪ್ರಾಯ ತುಂಬುತ್ತದೆ, ಅವರನ್ನು ಒಂಟಿಯಾಗಿ ಬಿಡಬಾರದು ಎಂದು ಬೆಳ್ತಂಗಡಿಯ ಜೋಯಿಸರು ಹೇಳಿದರು. ಜಡಿಮಳೆಯ ಆಟಿ ತಿಂಗಳಲ್ಲಿ ಇಬ್ಬರಿಗೂ ಮದುವೆ ಮಾಡಿದೆವು. ಒಂದು ಕುರ್ಚಿಯಲ್ಲಿ ಅವನ ಪಂಚೆ, ಶಾಲು. ಪಕ್ಕದ ಕುರ್ಚಿಯಲ್ಲಿ ಅವಳ ಸೀರೆ, ಮೇಲೆ ಒಂದು ಚೆಂಡು ಮಲ್ಲಿಗೆ. ನಾವು ಧಾರೆ ಸೀರೆ ಕೊಟ್ಟು, ಹುಡುಗಿ ಉಟ್ಟು ಬರಲಿ ಎಂದು ಕಾಯುತ್ತಿದ್ದಾಗ ನೀವು, "ಅವಳಿಗೆ ನೆರಿಗೆ ಹಿಡಿದು ಅಭ್ಯಾಸ ಇಲ್ಲ, ಸ್ವಲ್ಪ ಹೊತ್ತು ಕೊಡಿ" ಎಂದಿರಿ. ಯಾರೂ ನಗಲಿಲ್ಲ. ಹೊರಡುವಾಗ ಹೆಣ್ಣು ಹೆತ್ತ ಎಲ್ಲರ ಹಾಗೆ ನೀವೂ ನನ್ನ ಕೈ ಹಿಡಿದು ಅತ್ತಿರಿ.

ಅಂದಿನಿಂದ ಅವಳು ನಮ್ಮ ಮನೆಯವಳು. ಆಟಿಯಲ್ಲಿ ಹಿರಿಯರಿಗೆ ಬಡಿಸುವಾಗ ನೀವು ಅವಳಿಗೆ ಎಲೆ ಹಾಕುವುದಿಲ್ಲ. ನಾವು ಒಳಗಿನ ಕೋಣೆಯಲ್ಲಿ ಇಬ್ಬರಿಗೂ ಒತ್ತಿನಲ್ಲೇ ಎಲೆ ಹಾಕಿ, ಕೋಳಿಸಾರು ರೊಟ್ಟಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ.

ಗುಲಾಬಿಯಕ್ಕ, ನಿತೇಶ ಸತ್ತಿಲ್ಲ.

ಮೇ ತಿಂಗಳಲ್ಲಿ ನಾನು ಬೊಂಬಾಯಿಯ ಮಗಳ ಮನೆಗೆ ಹೋದದ್ದು ನಿಮಗೆ ಗೊತ್ತುಂಟು. ವಿಸ್ಮಿತಾಳ ಗಂಡನಿಗೆ ಕಂಪೆನಿಯಿಂದ ಅಲಿಬಾಗಿನ ರೆಸಾರ್ಟಿನಲ್ಲಿ ಎರಡು ದಿನ ಇರಲು ಸಿಕ್ಕಿತ್ತು. ಅಮ್ಮನೂ ಬರಬೇಕೆಂದು ಮಗಳ ಹಟ. ಬೊಂಬಾಯಿಯಿಂದ ಲಾಂಚಿನಲ್ಲಿ ಸಮುದ್ರ ದಾಟಬೇಕು. ಮಗ ಹೋದ ಮೇಲೆ ನಾನು ದೋಣಿಗೆ ಕಾಲಿಟ್ಟವಳಲ್ಲ. ಆಚೆ ದಡ ಬರುವವರೆಗೂ ಕಣ್ಣು ಮುಚ್ಚಿ ಕುಳಿತಿದ್ದೆ.

ಅದೊಂದು ಬೇರೆಯೇ ಲೋಕ ಅಕ್ಕ. ದೊಡ್ಡ ದೊಡ್ಡವರ ಬಂಗಲೆಗಳು, ಎತ್ತರದ ಪಾಗಾರ, ಪ್ರತಿ ಗೇಟಿಗೂ ಒಬ್ಬ ಕಾವಲುಗಾರ. ನಾವು ಬಿಸಿಲಿಗೆ ಹೆದರಿ ಕೊಡೆ ಹಿಡಿಯುತ್ತೇವೆ, ಅಲ್ಲಿಯವರು ಎಣ್ಣೆ ಹಚ್ಚಿಕೊಂಡು ಬಿಸಿಲಿಗೇ ಮಲಗುತ್ತಾರೆ, ನಮ್ಮಲ್ಲಿ ಮೀನು ಒಣಹಾಕಿದ ಹಾಗೆ. ಎಳನೀರಿಗೂ ಒಂದು ಹೂ ಸಿಕ್ಕಿಸಿ ತಂದರು. ಕಿವಿಗಿಟ್ಟುಕೊಳ್ಳಬೇಕೋ ತಿನ್ನಬೇಕೋ ತಿಳಿಯದೆ ಮೊಮ್ಮಗಳ ತಲೆಗೆ ಮುಡಿಸಿದೆ.

ಸಂಜೆ ಅವರೆಲ್ಲ ನೀರಿಗಿಳಿದರು. ನೋಡಲಾಗದೆ ನಾನು ರೂಮಿಗೆ ಹೊರಟೆ. ಅಲ್ಲಿ ನಡೆಯಲಿಕ್ಕೂ ಬಿಡುವುದಿಲ್ಲ, ಸದ್ದಿಲ್ಲದ ಪುಟ್ಟ ಗಾಡಿಯೊಂದರಲ್ಲಿ ಕೂರಿಸಿ ಕಳಿಸುತ್ತಾರೆ. ಗಾಡಿ ಬಿಡುವವನು ಗಡ್ಡದವನು, ಟೊಪ್ಪಿ ಹಾಕಿದ್ದ. ದಾರಿಯಲ್ಲಿ ಬೆವರು ಒರೆಸಲು ಟೊಪ್ಪಿ ತೆಗೆದ. ತಲೆಯಲ್ಲಿ ಎರಡು ಸುಳಿ. ಚಿಕ್ಕವನಿದ್ದಾಗ ಎಣ್ಣೆ ಹಚ್ಚುತ್ತಾ ನನ್ನ ಅತ್ತೆ, ಇವನಿಗೆ ಎರಡು ಮದುವೆ ಗ್ಯಾರಂಟಿ ಎಂದು ತಮಾಷೆ ಮಾಡುತ್ತಿದ್ದ ತಲೆ ಅದು. ಎಡಕಿವಿಯ ಹಿಂದೆ ಗೇರುಸೊನೆ ಸುಟ್ಟ ಕಲೆಯೂ ಇತ್ತು.

"ನಿತ್ತೂ" ಎಂದೆ. ಗಾಡಿ ನಿಂತಿತು.

ಅಪ್ಪ ಮಗನಿಗೆ ಎಣ್ಣೆ ಸೀಗೆಕಾಯಿ ಎಂದು ನಿಮಗೆ ಮೊದಲೇ ಹೇಳಿದ್ದೆ. ನೆಂಟರ ಮದುವೆಯಲ್ಲಿ, ಊಟದ ಪಂಕ್ತಿಯ ಎದುರು, ಇವರು ಅವನ ಕೆನ್ನೆಗೆ ಹೊಡೆದರು. ಮರುದಿನ ಹೊಳೆಬದಿಯಲ್ಲಿ ಅವನ ಅಂಗಿ, ಚಪ್ಪಲಿ ಸಿಕ್ಕಿತು. ನೇತ್ರಾವತಿ ದಡ ಮೀರಿ ಹರಿಯುತ್ತಿದ್ದ ಕಾಲ. ಹುಡುಕಿದವರು ಕೈಚೆಲ್ಲಿದರು. ನಾವು ಉತ್ತರಕ್ರಿಯೆ ಮುಗಿಸಿದೆವು. ಅಂಗಿ ಚಪ್ಪಲಿ ಇಟ್ಟು ಅವನು ರೈಲು ಹತ್ತಿದ್ದನಂತೆ.

ಗಾಡಿಯನ್ನು ಮರದಡಿ ನಿಲ್ಲಿಸಿ ಮಾತಾಡಿದ. ಅಲ್ಲಿಯ ಹುಡುಗಿಯನ್ನು ಮದುವೆಯಾಗಿದ್ದಾನೆ, ಒಂದು ಮಗು ಉಂಟು. ನಮಿತಾಳ ವಿಷಯ ಹೇಳಿದೆ. ಕೇಳಿ ತುಂಬಾ ಅತ್ತ ಅಕ್ಕ. "ಆ ಹುಡುಗಿಗೆ ನನ್ನಿಂದ ಅನ್ಯಾಯ ಆಯ್ತು. ದೀಪಾವಳಿಗೆ ಬರ್ತೇನೆ ಅಮ್ಮ, ಮೊದಲು ಮೂಡುಬಿದಿರೆಗೆ ಹೋಗಿ ಅವಳ ತಾಯಿಯ ಕಾಲಿಗೆ ಬೀಳ್ತೇನೆ" ಎಂದ. ವಿಸ್ಮಿತಾಳಿಗೂ ಅಪ್ಪನಿಗೂ ತಾನೇ ಬಂದು ಹೇಳುವೆನೆಂದ. ಆದ್ದರಿಂದ ನಾನೂ ಬಾಯಿ ಬಿಟ್ಟಿಲ್ಲ.

ಮಗ ಬದುಕಿದ್ದಾನೆಂದು ನಾನು ಕುಣಿಯಬೇಕಿತ್ತು. ಆದರೆ ಎರಡು ತಿಂಗಳಿಂದ ನನ್ನ ಕಣ್ಣೆದುರು ಇರುವುದು ನಿಮ್ಮ ಹುಡುಗಿ. ಬದುಕಿರುವವನಿಗೆ ಎಲೆ ಹಾಕಿದರೆ ಅವನ ಆಯುಷ್ಯಕ್ಕೆ ಕೇಡು ಎನ್ನುತ್ತಾರೆ. ಹಾಕದಿದ್ದರೆ ನಮಿತಾ ಆ ಕತ್ತಲೆ ಕೋಣೆಯಲ್ಲಿ ಒಬ್ಬಳೇ ಕುಳಿತು ಉಣ್ಣಬೇಕು. ಒಂಟಿಯಾಗಿದ್ದಾಳೆಂದೇ ಅಲ್ಲವೇ ನೀವು ಅವಳನ್ನು ನನಗೆ ಕೊಟ್ಟದ್ದು? ನೀವು ಅವಳಿಗೆ ಬೇರೆ ಸಂಬಂಧ ನೋಡುವುದಾದರೆ ನನ್ನ ಅಡ್ಡಿ ಇಲ್ಲ. ಧಾರೆ ಸೀರೆ ನನ್ನ ಕಪಾಟಿನಲ್ಲಿ ಜೋಪಾನವಾಗಿದೆ, ತಂದುಕೊಡುತ್ತೇನೆ. ಹೆತ್ತ ಮಗನಿಗಿಂತ ಹೆಚ್ಚು ವರ್ಷದ ಒಡನಾಟವೇನೂ ಅವಳದ್ದಲ್ಲ, ಮುಖವನ್ನೂ ಫೋಟೋದಲ್ಲಿ ಮಾತ್ರ ಕಂಡವಳು ನಾನು. ಆದರೂ ಅವಳನ್ನು ಕಳಿಸಿಕೊಡಲು ನನಗೆ ಮನಸ್ಸಿಲ್ಲ.

ಆಟಿ ಹತ್ತಿರ ಬಂತು. ನಿಮ್ಮ ಮಾತಿಗೆ ಕಾಯುತ್ತೇನೆ.

ನಿಮ್ಮ ಹುಡುಗಿಯ ಅತ್ತೆ,
ರಾಜೀವಿ

ಮತ್ತೊಂದು ವಿಷಯ. ಕಾಗದ ಅಂಟಿಸಲು ಕೈ ಬರಲಿಲ್ಲ. ಮಗಳನ್ನೇ ಕೊಟ್ಟವರಿಗೆ ಸುಳ್ಳು ಬರೆದು ನಾನು ಹೇಗೆ ನಿದ್ದೆ ಮಾಡಲಿ? ಅವನು ಅಳಲಿಲ್ಲ ಅಕ್ಕ. ಮದುವೆಯ ಸುದ್ದಿ ಕೇಳಿ ನಕ್ಕ. "ಸತ್ತವನಿಗೆ ಮದುವೆಯೂ ಮಾಡಿ ಮುಗಿಸಿದ್ರಾ? ಒಳ್ಳೇದಾಯ್ತು, ಹಾಗೆಯೇ ಇರಲಿ. ತಂದೆ ತಾಯಿ ಇಬ್ಬರೂ ತೀರಿಹೋಗಿದ್ದಾರೆ ಅಂತ ನನ್ನ ಹೆಂಡತಿಗೆ ಹೇಳಿದ್ದೇನೆ. ಇನ್ನು ಇಲ್ಲಿಗೆ ಬರಬೇಡಿ ಅಮ್ಮ" ಎಂದ. ದೀಪಾವಳಿ, ಮೂಡುಬಿದಿರೆ, ಕಾಲಿಗೆ ಬೀಳುವುದು ಎಲ್ಲ ನಾನೇ ಕಟ್ಟಿದ್ದು. ನನ್ನ ಮಗ ನಿಮ್ಮ ಕಣ್ಣಿನಲ್ಲಿ ಸಣ್ಣವನಾಗಬಾರದು ಎಂದು. ರೂಮಿನ ಮುಂದೆ ಇಳಿಸಿ, ಬೇರೆಯವರು ನೋಡುತ್ತಿದ್ದಾರೆಂದು ನನಗೆ "ಥ್ಯಾಂಕ್ಯೂ ಮೇಡಂ" ಹೇಳಿ ಹೋದ.

ನೀವು ಬೇರೆ ಸಂಬಂಧ ನೋಡುವುದು ಬೇಡ. ನಮಿತಾಳ ಗಂಡ ಹೊಳೆಯಲ್ಲೇ ಹೋದ. ಈ ಆಟಿಗೂ ಇಬ್ಬರಿಗೂ ಎಲೆ ಹಾಕುತ್ತೇನೆ, ನೀವು ಬನ್ನಿ. ಇಷ್ಟು ವರ್ಷ ಅವನ ಎಲೆಗೆ ಇವರು ಬಡಿಸುತ್ತಿದ್ದರು. ಈ ಸಲ ನಾನೇ ಬಡಿಸುತ್ತೇನೆ.